ಇಂಡಿಯಾ ಒಂದು ಸಾಕು

ತಮ್ಮ ಅಂಬರೀಶ ಬರುವ ಬಸ್ಸು ಇನ್ನಷ್ಟು ತಡವಾಗಲಿ ಎಂದು ಸಂಘಮಿತ್ರ ಬಯಸುತ್ತಿದ್ದಳು. ಹಾಗೆ ಬಯಸುತ್ತಿರುವುದು ತನಗೇ ಗೊತ್ತಾದಾಗ ನಾಚಿಕೆಯಾಗಿ, ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಿಂದ ಎದ್ದು, ಶಿಡ್ಲಘಟ್ಟದ ಕಡೆಯಿಂದ ಬರುವ ಬಸ್ಸುಗಳ ಬೋರ್ಡುಗಳನ್ನು ಆತುರವಿದ್ದವಳಂತೆ ಓದತೊಡಗಿದಳು. ಪಕ್ಕದಲ್ಲಿ ಸೇವಂತಿಗೆ ಮೂಟೆಗೆ ಒರಗಿ ಕೂತಿದ್ದ ಹೆಂಗಸು ಫೋನಿನಲ್ಲಿ ಯಾರನ್ನೋ ತೆಲುಗಿನಲ್ಲಿ ಬೈಯುತ್ತಿದ್ದಳು, ಬೈಯುತ್ತಲೇ ನಗುತ್ತಿದ್ದಳು. ಬೈಸಿಕೊಳ್ಳುವವರೇ ಪುಣ್ಯವಂತರು ಎನ್ನಿಸಿತು. ನಿನ್ನೆ ಸಂಜೆ ಫೋನು ಮಾಡಿದ ಅಂಬರೀಶ ಬೈದಿರಲಿಲ್ಲ. "ಅಕ್ಕಾ, ಒಂದು ವಿಡಿಯೊ ಕಳ್ಸಿದೀನಿ, ನೋಡು" ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದ. ನಲವತ್ತು ಸೆಕೆಂಡಿನ ವಿಡಿಯೊ. ಗುರುತಿಲ್ಲದ ಊರಿನ ಶೆಡ್ಡು, ತಲೆಗೆ ಹೂಹೂವಿನ ವಸ್ತ್ರ ಬಿಗಿದು ಕಟ್ಟಿಕೊಂಡ ಒಬ್ಬ ಹೆಂಗಸು, ಅವಳ ಮುಂದೆ ಹಬೆಯಾಡುವ ನೀರಿನ ತೊಟ್ಟಿ, ನೀರಿನಲ್ಲಿ ತೇಲುವ ರೇಷ್ಮೆಗೂಡುಗಳು. ಅವುಗಳ ಮೇಲೆ ಕಬ್ಬಿಣದ ಒಂದು ತೋಳು ಅರ್ಧ ಸುತ್ತು ಹೋಗಿ, ಹಿಂದಕ್ಕೆ ಬಂದು, ಮುಳುಗಿ ಮೇಲೆದ್ದಿತು. ಏಳುವಾಗ ಅದರ ಕುಂಚಕ್ಕೆ ಗೂಡುಗಳ ಎಳೆಯ ತುದಿಗಳು ಸಿಕ್ಕಿಕೊಂಡು ಬಂದವು. ಸಂಘಮಿತ್ರ ತಿರುಗಿ ಫೋನು ಮಾಡಿದಾಗ ಅಂಬರೀಶ, "ನಮ್ಮ ಕೈ ಅಕ್ಕ ಅದು" ಎಂದಿದ್ದ. "ಉಜ್ಬೇಕಿಸ್ತಾನದಲ್ಲಿ ಅವ್ರೇ ಮಾಡ್ಕೊಂಡಿದಾರೆ. ಬೋಲ್ಟು ಕೂಡ ನಾವು ಹಾಕಿರೋ ಜಾಗದಲ್ಲೇ ಹಾಕಿದಾರೆ. ಇನ್ನೂರು ಪೀಸ್ ಕೇಳಿದ್ದನಲ್ಲ ಆ ಊರಿನ ವ್ಯಾಪಾರಿ, ಇನ್ನು ಬೇಡ ಅಂತ ಬರೆದಿದಾನೆ. ನಾಳೆ ಸಾರ್ ಹತ್ರ ಹೋಗಣ ಅಕ್ಕ. ಪೇಟೆಂಟ್ ಇದೆಯಲ್ಲ ನಮ್ದು, ನೋಟೀಸ್ ಕೊಡ್ಸಣ."

ನಮ್ದು ಎಂದಿದ್ದ. ಆ ಮಾತನ್ನು ಅವನು ಎಷ್ಟು ಸಲೀಸಾಗಿ ಆಡುತ್ತಾನೆ ಎಂದು ಅವಳಿಗೆ ಪ್ರತಿಸಲವೂ ಆಶ್ಚರ್ಯ. ಶಿಡ್ಲಘಟ್ಟದ ರೇಷ್ಮೆ ಬಿಚ್ಚುವ ಮನೆಗಳಲ್ಲಿ ಎಲ್ಲರೂ ಆ ಯಂತ್ರವನ್ನು ಕೈ ಎಂದೇ ಕರೆಯುತ್ತಾರೆ. ಕಾಗದಪತ್ರಗಳಲ್ಲಿ ಅದಕ್ಕೆ ಎರಡು ಸಾಲು ಉದ್ದದ ಇಂಗ್ಲಿಷ್ ಹೆಸರಿದೆ. ಅದು ಬರುವ ಮೊದಲು ಕುದಿನೀರಿಗೆ ಇಳಿಯುತ್ತಿದ್ದದ್ದು ಹೆಂಗಸರ ಬೆರಳುಗಳು. ತಂದೆ ಬಯ್ಯಪ್ಪ ತೀರಿಕೊಂಡ ಮೇಲೆ ದಿಬ್ಬೂರಹಳ್ಳಿಯಿಂದ ಎರಡು ಮಕ್ಕಳನ್ನು ಕರೆದುಕೊಂಡು ಶಿಡ್ಲಘಟ್ಟಕ್ಕೆ ಬಂದ ತಾಯಿ ಗಂಗುಲಮ್ಮ ಇಪ್ಪತ್ತೆರಡು ವರ್ಷ ಹಾಗೆ ಬೆರಳಿಳಿಸಿ ಎಳೆ ಹುಡುಕಿದವಳು. ಬೆಂದು ಬಿಳಿಚಿದ ಬೆರಳು, ಉಗುರಿನ ಸುತ್ತ ಸೀಳು, ಯಾವ ಸೋಪಿಗೂ ಹೋಗದ ಸತ್ತ ಹುಳುವಿನ ವಾಸನೆ. ಏಳು ವರ್ಷದವಳಿದ್ದಾಗ ಸಂಘಮಿತ್ರ ಒಂದು ದಿನ ಬಾಯಿಯ ಹತ್ತಿರ ಬಂದ ತುತ್ತನ್ನು ತಳ್ಳಿ, "ನಿನ್ನ ಕೈ ನಾತ" ಎಂದಿದ್ದಳು. ಅಮ್ಮ ಮಾರನೆಯ ದಿನದಿಂದ ಚಮಚದಲ್ಲಿ ತಿನ್ನಿಸಿದಳು. ತಮ್ಮನಿಗೆ ಮಾತ್ರ ಕೈಯಲ್ಲೇ. ಆ ಚಮಚ ಹಲ್ಲಿಗೆ ತಾಗಿದ ಸದ್ದು ಈಗಲೂ ಒಮ್ಮೊಮ್ಮೆ, ಕಾಲೇಜಿನ ಕ್ಯಾಂಟೀನಿನಲ್ಲಿ ಉಪ್ಪಿಟ್ಟು ತಿನ್ನುವಾಗ, ದವಡೆಯೊಳಗೆ ಏಳುತ್ತದೆ.

ಮುದ್ದೇನಹಳ್ಳಿಯ ಹತ್ತಿರದ ಆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವಳು ಹದಿಮೂರು ವರ್ಷದಿಂದ ಲ್ಯಾಬ್ ಇನ್‌ಸ್ಟ್ರಕ್ಟರ್. ಡಿಪ್ಲೊಮಾ ಮಾಡಿದವಳಿಗೆ ಅದಕ್ಕಿಂತ ಮೇಲಿನ ಕುರ್ಚಿ ಅಲ್ಲಿಲ್ಲ. ಇರುವುದು ಚಿಕ್ಕಬಳ್ಳಾಪುರದ ಬಾಡಿಗೆ ಕೋಣೆಯಲ್ಲಿ. ಒಂದು ಮಳೆಗಾಲ ಚಿಂತಾಮಣಿಯಿಂದ ಬರುವ ಬಸ್ಸಿನಲ್ಲಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು, ಗಾಜಿನ ಮೇಲೆ ಅರ್ಧ ಸುತ್ತು ಹೋಗಿ ಹಿಂದಕ್ಕೆ ಬರುವ ವೈಪರನ್ನು ಸುಮ್ಮನೆ ನೋಡುತ್ತಿದ್ದಾಗ, ಅಮ್ಮನ ಬೆರಳು ನೀರಿನಲ್ಲಿ ಮಾಡುವುದೂ ಇದನ್ನೇ ಎಂದು ಹೊಳೆದಿತ್ತು. ಪೂರ್ತಿ ಸುತ್ತಿದರೆ ಎಳೆ ಹರಿಯುತ್ತದೆ. ಅರ್ಧ ಹೋಗಿ ಮರಳಬೇಕು, ಮರಳುವಾಗ ತುಸು ಎತ್ತಬೇಕು. ಗುಜರಿಯಿಂದ ಹಳೆಯ ವೈಪರ್ ಮೋಟರು ತಂದಳು. ಹಂಚಿಕಡ್ಡಿಯ ಕುಂಚ ಕಟ್ಟಿದಳು. ಎಂಟು ತಿಂಗಳು ಲ್ಯಾಬಿನ ಮೂಲೆಯಲ್ಲಿ ಬಕೆಟ್ಟಿನ ಬಿಸಿನೀರಿನಲ್ಲಿ ಗೂಡು ತೇಲಿಬಿಟ್ಟು ಆಡಿಸಿದಳು. ವಿಭಾಗದ ಮುಖ್ಯಸ್ಥ ಡಾಕ್ಟರ್ ಮೋಹನ್‌ಬಾಬು ಒಂದು ದಿನ ಬಾಗಿಲಲ್ಲಿ ನಿಂತು ನೋಡಿದರು. "ಇದು ಪೇಟೆಂಟ್ ಆಗುತ್ತಲ್ಲಮ್ಮ!" ಎಂದರು. ಅವರ ಕಣ್ಣಿನಲ್ಲಿ ನಿಜವಾದ ಸಂತೋಷವಿತ್ತು. ಅದನ್ನು ಅವಳು ಇವತ್ತಿಗೂ ಸುಳ್ಳೆನ್ನಲಾರಳು. ಅರ್ಜಿಯಲ್ಲಿ ಸಂಶೋಧಕರ ಜಾಗದಲ್ಲಿ ಅವರ ಹೆಸರೂ ಪ್ರಿನ್ಸಿಪಾಲರ ಹೆಸರೂ ಇತ್ತು. "ನಿನ್ನ ಹೆಸರು ಹಾಕಿದ್ರೆ ಕ್ವಾಲಿಫಿಕೇಶನ್ ಕೇಳ್ತಾರಮ್ಮ, ಡಿಪ್ಲೊಮಾ ಅಂದ್ರೆ ಅರ್ಜಿಗೇ ತೊಂದರೆ" ಎಂದಿದ್ದರು. ಅವಳು ತಲೆಯಾಡಿಸಿದ್ದಳು. ಎಷ್ಟೋ ತಿಂಗಳ ಮೇಲೆ ಝೆರಾಕ್ಸ್ ಮಾಡಿಸಲು ಅದೇ ಅರ್ಜಿ ಕೈಗೆ ಬಂದಾಗ ಓದಿ ನೋಡಿದಳು. ಸಂಶೋಧಕರ ಬಗ್ಗೆ ಅದು ಕೇಳಿದ್ದು ಹೆಸರು, ರಾಷ್ಟ್ರೀಯತೆ, ವಿಳಾಸ. ಆ ಮೂರೂ ಅವಳ ಹತ್ತಿರ ಇದ್ದವು.

ಆಮೇಲೆ ಪೇಪರಿನಲ್ಲಿ ಸುದ್ದಿ ಬಂತು. ಚಿತ್ರದಲ್ಲಿ ಮೋಹನ್‌ಬಾಬು ಯಂತ್ರದ ಕಡೆ ಬೆರಳು ತೋರಿಸುತ್ತಿದ್ದರು, ಅವಳು ಬಗ್ಗಿ ಸ್ವಿಚ್ಚು ಹಾಕುತ್ತಿದ್ದಳು. ಕೆಳಗೆ, ಪ್ರಾಧ್ಯಾಪಕರ ಸಂಶೋಧನೆಯನ್ನು ಬಳಸಿ ನೋಡುತ್ತಿರುವ ರೇಷ್ಮೆ ಕೂಲಿ ಮಹಿಳೆ ಎಂದು ಬರೆದಿತ್ತು. ಅಮ್ಮ ಆ ಚಿತ್ರ ಕತ್ತರಿಸಿ ಇಟ್ಟುಕೊಂಡಳು. ಓದಲು ಬಾರದ ಅಮ್ಮನಿಗೆ ಅಕ್ಷರ ತೋರಿಸಿ ಅಂಬರೀಶ ಏನು ಹೇಳಿದನೋ, "ನಿನ್ನ ಹೆಸರು ಎಷ್ಟು ಉದ್ದ ಹಾಕಿದಾರಮ್ಮ!" ಎಂದು ಅಮ್ಮ ಹಿಗ್ಗಿದಳು. ಸಂಘಮಿತ್ರ ತಿದ್ದಲಿಲ್ಲ. ಕೂಲಿ ಮಹಿಳೆ ಎಂದರೆ ಅವಮಾನವೇನು, ಅಮ್ಮ ಕೂಲಿ ಮಹಿಳೆಯೇ ಅಲ್ಲವೆ ಎಂದು ತನ್ನನ್ನು ತಾನು ಕೇಳಿಕೊಂಡಳು. ಅವಮಾನವೇ ಆಗಿತ್ತು. ಹಾಗಾಗಿದ್ದಕ್ಕೆ ಮತ್ತೊಂದು ಅವಮಾನ.

ಒಂದು ಕಾಗದ ಬಂದದ್ದು ಅದೇ ದಿನಗಳಲ್ಲಿ, ಮೂರು ವರ್ಷದ ಹಿಂದೆ, ಫೆಬ್ರವರಿ ಹನ್ನೊಂದಕ್ಕೆ. ವಿಭಾಗದ ಟಪಾಲು ತರುವುದು, ಒಡೆದು ನೋಡಿ ಮೇಜಿಗಿಡುವುದು ಅವಳದೇ ಕೆಲಸ. ಬೆಂಗಳೂರಿನ ಪೇಟೆಂಟ್ ಏಜೆಂಟ್ ಹರಿಕೃಷ್ಣ ಸ್ಪೀಡ್‌ಪೋಸ್ಟಿನಲ್ಲಿ ಬರೆದಿದ್ದರು: ತಮ್ಮ ಅರ್ಜಿಯ ರಕ್ಷಣೆ ಭಾರತದ ಗಡಿಯೊಳಗೆ ಮಾತ್ರ, ಬೇರೆ ದೇಶಗಳಲ್ಲಿಯೂ ಹಕ್ಕು ಬೇಕಿದ್ದರೆ ಮೊದಲ ಅರ್ಜಿಯಿಂದ ಹನ್ನೆರಡು ತಿಂಗಳೊಳಗೆ, ಎಂದರೆ ಮಾರ್ಚ್ ಹದಿನಾರರೊಳಗೆ, ಮುಂದಿನ ಅರ್ಜಿ ಹಾಕಬೇಕು, ತಪ್ಪಿದರೆ ಅವಕಾಶ ಕಳೆದುಹೋಗುತ್ತದೆ. ಅವಳು ಎರಡು ಸಲ ಓದಿದಳು. ಓದಿದಾಗ ಹುಟ್ಟಿದ್ದು ಸಿಟ್ಟಲ್ಲ, ಹಬ್ಬದ ದಿನದಂಥ ಒಂದು ಹಗುರ. ಲ್ಯಾಬಿನ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರಪಂಚದ ನಕ್ಷೆಯಿತ್ತು. ಅದರಲ್ಲಿ ಇಂಡಿಯಾ ಅಂಗೈಯಷ್ಟು. ಅಷ್ಟೇ ಅವರದು. ಉಳಿದ ಅಷ್ಟೂ ಭೂಮಿಯ ಮೇಲೆ ಆ ಯಂತ್ರ ಯಾರದೂ ಅಲ್ಲ. ಎಂದರೆ ಅಲ್ಲಿ ಅದು ತನ್ನದಲ್ಲದಷ್ಟೇ ಮೋಹನ್‌ಬಾಬು ಅವರದೂ ಅಲ್ಲ. ಅಲ್ಲಿ ಅವರಿಬ್ಬರೂ ಸಮ. ಕಾಗದವನ್ನು ಮಡಿಸಿ ತನ್ನ ಮೇಜಿನ ಡ್ರಾಯರಿನಲ್ಲಿ ಹಾಸಿದ್ದ ಹಾಳೆಯ ಅಡಿಗೆ ಸರಿಸಿದಳು. ಮಾರ್ಚ್ ಹದಿನಾರರಂದು ನಾಲ್ಕನೆಯ ಸೆಮಿಸ್ಟರಿನವರಿಗೆ ಲೇತ್ ಹೇಳಿಕೊಟ್ಟಳು. ಸಂಜೆ ಐದಕ್ಕೆ ಮಷೀನು ಒರೆಸಿ, ಎಣ್ಣೆ ಹಚ್ಚಿ, ಗಡಿಯಾರ ನೋಡಿದಳು. ಏನೂ ಆಗಲಿಲ್ಲ. ಕೋಣೆಯಲ್ಲಿ ಒಂದು ಹಲ್ಲಿ ಕೂಡ ಲೊಚಗುಟ್ಟಲಿಲ್ಲ.

ಆಗ ಅಂಬರೀಶ ಗೌರಿಬಿದನೂರಿನ ಫ್ಯಾಕ್ಟರಿಯೊಂದರಲ್ಲಿ ಫಿಟ್ಟರ್. ಅವನಿಗೂ ಈ ಯಂತ್ರಕ್ಕೂ ಸಂಬಂಧವೇ ಇರಲಿಲ್ಲ. ಮರುವರ್ಷ ಮೋಹನ್‌ಬಾಬು ಒಂದು ದಿನ ಕರೆದು, "ನಿನ್ನ ತಮ್ಮ ಫಿಟ್ಟರ್ ಅಂದಿದ್ದೆ ಅಲ್ವೇನಮ್ಮ? ಹೊರಗಿನವರಿಗೆ ಯಾಕೆ, ಈ ಯಂತ್ರ ಮಾಡಿ ಮಾರೋ ಲೈಸೆನ್ಸು ಅವನಿಗೇ ಕೊಡೋಣ" ಎಂದರು. ತನ್ನ ಬಾಯಿ ಥ್ಯಾಂಕ್ಯೂ ಸರ್ ಎಂದದ್ದು ಅವಳಿಗೆ ಕೇಳಿಸಿತು. ಶಿಡ್ಲಘಟ್ಟಕ್ಕೆ ಅಮ್ಮನ ಮನೆಗೆ ಹೋಗಿ ಹೇಳಿದಾಗ ಅಂಬರೀಶ ಅವಳ ಎರಡೂ ಕೈ ಹಿಡಿದುಕೊಂಡ. ಫ್ಯಾಕ್ಟರಿ ಬಿಟ್ಟ. ಶಿಡ್ಲಘಟ್ಟದಲ್ಲಿ ಗೂಡಿನ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಶೆಡ್ಡು ಹಾಕಿ, ಗಂಗುಲಮ್ಮ ಎಂಜಿನಿಯರಿಂಗ್ ವರ್ಕ್ಸ್ ಎಂದು ಬೋರ್ಡು ಬರೆಸಿದ. ಅವತ್ತಿನಿಂದ ಡ್ರಾಯರಿನಲ್ಲಿದ್ದ ಕಾಗದ ಬೇರೆಯೇ ಒಂದು ಕಾಗದವಾಯಿತು. ಸುಡಲು ಎರಡು ಸಲ ತೆಗೆದಳು. ಸುಟ್ಟರೆ ಮಾಡಿದ್ದು ಪೂರ್ತಿಯಾಗುತ್ತದೆ ಎನ್ನಿಸಿ ಮತ್ತೆ ಅಲ್ಲೇ ಇಟ್ಟಳು.

"ಅಕ್ಕಾ, ಎತ್ಲಾಗೆ ನೋಡ್ತಿದೀಯ? ನಾನು ಆವಾಗ್ಲೇ ಇಳ್ದೆ." ಅಂಬರೀಶ ಹಿಂದೆ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕಾಲೇಜಿಗೆ ಬರುವಾಗ ಅದನ್ನೇ ಹಾಕುತ್ತಾನೆ. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಅದರೊಳಗೆ ಪೇಟೆಂಟ್ ಸರ್ಟಿಫಿಕೇಟಿನ ಬಣ್ಣದ ಝೆರಾಕ್ಸು. ಆಟೋದಲ್ಲಿ ದಾರಿಯುದ್ದಕ್ಕೂ ಅವನು ಮಾತಾಡಿದ. ಅರವತ್ತು ಕೈ ಆಗಲೇ ರೆಡಿಯಾಗಿ ಶೆಡ್ಡಿನಲ್ಲಿ ನಿಂತಿವೆ. ಇಲ್ಲಿಯ ಮನೆಗಳಿಗೆ ಬೇಕಾದಷ್ಟನ್ನು ಈಗಾಗಲೇ ಕೊಟ್ಟಾಗಿದೆ, ಹೊರದೇಶವೇ ಇನ್ನು ದಾರಿ. ಗೌರಿಬಿದನೂರಿನ ಸೂಪರ್‌ವೈಸರು, ಬರುವುದಾದರೆ ಒಂದನೇ ತಾರೀಖಿಗೆ ಬಾ, ಆಮೇಲೆ ಜಾಗ ಇರಲ್ಲ ಎಂದಿದ್ದಾನೆ. "ಆ ಗೇಟಲ್ಲಿ ಮತ್ತೆ ಚೀಟಿ ತೋರ್ಸಿ ಒಳಕ್ಕೆ ಹೋಗೋದು ನೆನ್ಸ್ಕೊಂಡ್ರೇನೇ ಆಗಲ್ಲ ಕಣಕ್ಕ" ಎಂದು ನಕ್ಕ. ಅವಳು ಹೊರಗೆ ದ್ರಾಕ್ಷಿತೋಟದ ಕಂಬಗಳು ಹಿಂದೆ ಸರಿಯುವುದನ್ನು ನೋಡುತ್ತಿದ್ದಳು.

ಮೋಹನ್‌ಬಾಬು ಅವರ ಕೋಣೆಯಲ್ಲಿ ಎದುರು ಎರಡು ಕುರ್ಚಿ. ಒಂದರ ಮೇಲೆ ಫೈಲುಗಳ ಕಟ್ಟಿತ್ತು. "ಬಾರಪ್ಪ ಅಂಬರೀಶ, ಕೂತ್ಕೊ" ಎಂದರು. ಅವನು ತುದಿಯಲ್ಲಿ ಕೂತ. ಕಟ್ಟನ್ನು ಯಾರೂ ತೆಗೆಯಲಿಲ್ಲ, ಅವಳು ನಿಂತಳು. ವಿಡಿಯೊ ನೋಡಿ ಅವರು ನಾಲಗೆ ಲೊಚ್ಚೆನ್ನಿಸಿದರು. "ಛೆ ಛೆ, ಎಂಥ ಅನ್ಯಾಯ. ಇರು, ಹರಿಕೃಷ್ಣಗೇ ಮಾಡೋಣ" ಎಂದು ವಿಡಿಯೊವನ್ನು ಏಜೆಂಟರಿಗೆ ಕಳಿಸಿ, ಫೋನನ್ನು ಮೇಜಿನ ಮೇಲೆ ಸ್ಪೀಕರಿಗೆ ಹಾಕಿದರು. ಏಜೆಂಟರ ದನಿ ತುಂಬ ತಾಳ್ಮೆಯದು.

"ಸಾರ್, ಆ ವಿಡಿಯೊ ನೋಡಿದೆ. ನಾವೇನೂ ಮಾಡೋ ಹಾಗಿಲ್ಲ. ನಮ್ಮ ಪೇಟೆಂಟು ಇಲ್ಲಿಂದು. ಅವರು ಅಲ್ಲೇ ಮಾಡಿ ಅಲ್ಲೇ ಮಾರ್ತಿದಾರೆ. ಇಂಡಿಯಾಗೆ ತಂದು ಮಾರಿದ್ರೆ ಹಿಡೀಬಹುದು, ಅಷ್ಟೇ."

"ನಮ್ದೇ ಡಿಸೈನ್ ಸಾರ್ ಅದು" ಎಂದ ಅಂಬರೀಶ, ಫೋನಿನ ಕಡೆ ಬಗ್ಗಿ. "ಅವ್ರಿಗೆ ಹೆಂಗೆ ಸಿಕ್ತು?"

"ಅರ್ಜಿ ಹಾಕಿ ಹದಿನೆಂಟು ತಿಂಗಳಾದ್ಮೇಲೆ ಡ್ರಾಯಿಂಗೆಲ್ಲ ಪಬ್ಲಿಶ್ ಆಗುತ್ತಪ್ಪ. ಪ್ರಪಂಚದಲ್ಲಿ ಯಾರು ಬೇಕಾದ್ರೂ ಓದಬಹುದು. ಕದ್ದ ಹಾಗಲ್ಲ ಅದು. ನೋಡು, ಪೇಟೆಂಟ್ ಅನ್ನೋದು ಜಮೀನಿನ ಪಹಣಿ ಇದ್ದ ಹಾಗೆ. ಶಿಡ್ಲಘಟ್ಟದ ಪಹಣಿ ಹಿಡ್ಕೊಂಡು ಚಿಂತಾಮಣೀಲಿ ಬೇಲಿ ಹಾಕೋಕಾಗುತ್ತಾ?"

"ನಮ್ಮಪ್ಪಂಗೆ ಎಲ್ಲೂ ಜಮೀನಿರ್ಲಿಲ್ಲ ಸಾರ್. ಅದಕ್ಕೆ ನಂಗೆ ಈ ಲೆಕ್ಕ ಸರಿಯಾಗಿ ಗೊತ್ತಾಗಲ್ಲ." ಅಂಬರೀಶನ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಇದ್ದದ್ದನ್ನು ಹೇಳಿದ್ದ. ಮೋಹನ್‌ಬಾಬು ಕಿಟಕಿಯ ಕಡೆ ನೋಡಿದರು. "ಒಂದು ಹೇಳಿ ಸಾರ್. ಆ ದೇಶದಲ್ಲೂ ಬೇಲಿ ಹಾಕ್ಸಬಹುದಾಗಿತ್ತಾ?"

"ಹಾಕ್ಸಬಹುದಾಗಿತ್ತು. ಮೊದಲನೇ ವರ್ಷದೊಳಗೆ ದಾರಿ ಮಾಡ್ಕೊಂಡಿದ್ರೆ ಯಾವ್ಯಾವ ದೇಶ ಬೇಕೋ ಅಲ್ಲೆಲ್ಲ. ನಾನು ಆಗಲೇ…"

"ಹರಿಕೃಷ್ಣ, ನಂಗೆ ಕ್ಲಾಸಿದೆ, ಆಮೇಲೆ ಮಾಡ್ತೀನಿ" ಎಂದು ಮೋಹನ್‌ಬಾಬು ಫೋನು ಕತ್ತರಿಸಿದರು.

ಆ ತುಂಡಾದ ಮಾತು ಕೋಣೆಯಲ್ಲಿ ನಿಂತೇ ಇತ್ತು. ನಾನು ಆಗಲೇ ಬರೆದಿದ್ದೆನಲ್ಲ. ಅದನ್ನು ಪೂರ್ತಿ ಮಾಡಿಕೊಳ್ಳುವುದು ಸಂಘಮಿತ್ರಳಿಗೆ ಕಷ್ಟವಾಗಲಿಲ್ಲ. ಬೆನ್ನಿನ ಮೇಲೆ ಬೆವರು ಇಳಿಯಿತು. ಇನ್ನು ಸರ್ ಕೇಳುತ್ತಾರೆ, ಯಾವ ಕಾಗದ, ಎಲ್ಲಿ ಹೋಯಿತು, ಟಪಾಲು ತರುವವರು ಯಾರು. ಕಾರಿಡಾರಿಗೆ ಬಂದಾಗ ಅಂಬರೀಶ ಅವಳ ಮುಖ ನೋಡಿ, "ಯಾಕಕ್ಕ ಹಿಂಗೆ ಬೆವರ್ತಿದೀಯ? ನೀನು ತಲೆ ಕೆಡಿಸ್ಕೋಬೇಡ. ಇವ್ರೇನು ಮಾಡ್ತಾರೆ ಪಾಪ, ಅವ್ರಿಗೂ ಗೊತ್ತಿರ್ಲಿಲ್ಲ ಅನ್ಸುತ್ತೆ" ಎಂದ. ಫೈಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, "ಆಗೋದಾದ್ರೆ ಸಂಜೆ ಬೇಗ ಶೆಡ್ಡಿನ ಹತ್ರ ಬಾ. ಅಮ್ಮ ಕೇಳ್ತಾ ಇತ್ತು" ಎಂದು ಗೇಟಿನ ಕಡೆ ನಡೆದ. ಗೇಟಿನವನು ಏನೋ ಕೇಳಿದ್ದಕ್ಕೆ ನಿಂತು, ಬಗ್ಗಿ, ರಿಜಿಸ್ಟರಿನಲ್ಲಿ ಹೊರಗೆ ಹೋದ ಹೊತ್ತು ಬರೆದ.

ಸಿಕ್ಕಿಬೀಳುವುದಕ್ಕಿಂತ ಮೊದಲು ತಾನೇ ಹೇಳಿಬಿಡಬೇಕು ಎಂದುಕೊಂಡಳು. ಇದು ಧೈರ್ಯವಲ್ಲ ಎಂದು ಗೊತ್ತಿತ್ತು. ಡ್ರಾಯರಿನ ಹಾಳೆ ಎತ್ತಿ ಕಾಗದ ತೆಗೆದಳು. ಮಡಿಕೆಯ ಗುಂಟ ಹಳದಿಯಾಗಿತ್ತು. ಮೋಹನ್‌ಬಾಬು ಟೀ ಕುಡಿಯುತ್ತಿದ್ದರು. ಕ್ಲಾಸು ಇರಲಿಲ್ಲ.

"ಸರ್, ಆ ಕಾಗದ ನನ್ನ ಹತ್ರ ಇದೆ."

"ಯಾವ ಕಾಗದಮ್ಮ?"

ಮೇಜಿನ ಮೇಲಿಟ್ಟಳು. ಅವರು ಕನ್ನಡಕ ಹಾಕಿಕೊಂಡು ಓದಿದರು. ತಾರೀಖು ನೋಡಿದರು. ಮತ್ತೆ ಅವಳ ಮುಖ ನೋಡಿದರು. "ಇದನ್ನ ನಂಗೆ ಕೊಡಲೇ ಇಲ್ವಾ ನೀನು? ಯಾಕೆ?"

ಈ ಪ್ರಶ್ನೆಗೆ ಉತ್ತರ ಮೂರು ವರ್ಷದಿಂದ ಸಿದ್ಧವಾಗಿತ್ತು. ಸ್ನಾನ ಮಾಡುವಾಗ, ಬಸ್ಸಿನಲ್ಲಿ, ಇನ್ವಿಜಿಲೇಶನ್ ಮಾಡುವಾಗ ಅದನ್ನು ಅವಳು ಎಷ್ಟೋ ಸಲ, ಎಷ್ಟೋ ಬಗೆಯಲ್ಲಿ, ಒಮ್ಮೊಮ್ಮೆ ಇಂಗ್ಲಿಷಿನಲ್ಲಿಯೂ, ಆಡಿ ಮುಗಿಸಿದ್ದಳು. ಈಗ ಬಾಯಿಗೆ ಬಂದದ್ದು, "ನನ್ನ ಹೆಸರು ಹಾಕ್ಲಿಲ್ಲ ನೀವು" ಎಂಬ, ಸ್ಲೇಟು ಕಳೆದುಕೊಂಡ ಮಗುವಿನಂಥ ಒಂದು ಮಾತು.

ಮೋಹನ್‌ಬಾಬು ನಕ್ಕರು. ಕೆಟ್ಟ ನಗೆಯಲ್ಲ. ಅದರಲ್ಲಿ ಕನಿಕರವೂ ಇತ್ತು, ಅದೇ ತಡೆಯಲಾಗದ್ದು. "ಅಯ್ಯೋ ಹುಚ್ಚಮ್ಮ. ಇಷ್ಟಕ್ಕೆ ಮೂರು ವರ್ಷ ಒಳಗೇ ಇಟ್ಕೊಂಡು ಒದ್ದಾಡಿದ್ಯಾ? ಇದು ಫೈಲಿಗೆ ಅಂತ ಕಳಿಸಿದ ಬರೀ ಕಾಪಿ ಕಣಮ್ಮ. ಅವನು ನಂಗೆ ಮೂರು ಸಲ ಮೇಲ್ ಹಾಕಿದ್ದ." ಫೋನು ತೆಗೆದು ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಹೋದರು, ಮೂರು ವರ್ಷ ಸರಸರನೆ ಓಡಿತು. "ತಗೋ, ನೋಡು." ಹರಿಕೃಷ್ಣ ಬರೆದಿದ್ದ ಉದ್ದನೆಯ ಮೇಲ್, ಅದರ ಮೇಲೆ ಇವರ ಉತ್ತರ. ಫೆಬ್ರವರಿ ಮೂರು, ಬೆಳಿಗ್ಗೆ ಎಂಟು ನಲವತ್ತೆರಡು. ಇಂಗ್ಲಿಷಿನಲ್ಲಿ ಒಂದೇ ಸಾಲು: ಇಂಡಿಯಾ ಒಂದು ಸಾಕು. "ಕಾರಲ್ಲಿ ಬರ್ತಾ ಇದ್ದೆ, ಸಿಗ್ನಲ್ಲಲ್ಲಿ ಹಾಕ್ದೆ ಅನ್ಸುತ್ತೆ" ಎಂದರು. "ದೇಶ ದೇಶಕ್ಕೂ ಹಾಕ್ಕೊಂಡು ಕೂತ್ರೆ ಅದೊಂದು ರಾಮಾಯಣ. ಪ್ರಮೋಷನ್ ಫಾರ್ಮಲ್ಲಿ ಪೇಟೆಂಟ್ ನಂಬರ್ ಕೇಳ್ತಾರಮ್ಮ, ಎಷ್ಟು ದೇಶ ಅಂತ ಯಾರೂ ಕೇಳಲ್ಲ."

ಮೂರನೇ ತಾರೀಖು. ಕಾಗದ ಬಂದದ್ದು ಹನ್ನೊಂದಕ್ಕೆ. ಎಂಟು ದಿನ. ಮೊದಲು ಅವಳಿಗೆ ಬಂದದ್ದು ನಿರಾಳ. ಫೈಲುಗಳ ಕಟ್ಟಿದ್ದ ಕುರ್ಚಿಯ ಬೆನ್ನು ಹಿಡಿದುಕೊಂಡಳು. ತಾನು ಮಾಡಿಲ್ಲ, ಏನೂ ಮಾಡಿಲ್ಲ, ತಮ್ಮನ ಶೆಡ್ಡು ಮುಚ್ಚುತ್ತಿರುವುದು ತನ್ನಿಂದಲ್ಲ. ಆ ನಿರಾಳದ ಬಾಲ ಹಿಡಿದೇ ಇನ್ನೊಂದು ಬಂತು. ಈ ಮನುಷ್ಯನ ವಿರುದ್ಧ ಹದಿಮೂರು ವರ್ಷದಲ್ಲಿ ತಾನು ಮಾಡಿದ್ದು ಇದೊಂದೇ. ಕಳ್ಳತನವೋ ದ್ರೋಹವೋ, ಅದು ತನ್ನದಾಗಿತ್ತು. ಅದರ ಭಾರಕ್ಕೆ ರಾತ್ರಿಗಳನ್ನು ಕೊಟ್ಟಿದ್ದಳು, ತಮ್ಮನ ಮುಖ ನೋಡುವ ಸುಖವನ್ನು ಕೊಟ್ಟಿದ್ದಳು. ಈಗ ನೋಡಿದರೆ ಯಂತ್ರದ ಹಾಗೆ ಈ ತಪ್ಪೂ ಅವರ ಹೆಸರಿನಲ್ಲಿಯೇ ದಾಖಲಾಗಿತ್ತು. ಅದನ್ನು ಅವರು ಸಿಗ್ನಲ್ಲಿನಲ್ಲಿ ನಿಂತು ಮಾಡಿ ಮರೆತಿದ್ದರು.

"ನಾನೇನೂ ತಪ್ಪು ತಿಳ್ಕೊಳ್ಳಲ್ಲ, ಬಿಡು" ಎಂದು ಮೋಹನ್‌ಬಾಬು ಕ್ಷಮಿಸಿದರು. "ಆದ್ರೆ ತಮ್ಮನಿಗೆ ಇದನ್ನೆಲ್ಲ ಹೇಳೋಕೆ ಹೋಗ್ಬೇಡ. ಸುಮ್ನೆ ನೊಂದ್ಕೋತಾನೆ." ಮಾತಾಡುತ್ತಲೇ ಟೀ ಲೋಟವನ್ನು ಹರಿಕೃಷ್ಣರ ಕಾಗದದ ಮೇಲಿಟ್ಟರು. ತೆಗೆದುಕೊಳ್ಳಲೋ ಬೇಡವೋ ಗೊತ್ತಾಗದೆ ಅವಳು ಸ್ವಲ್ಪ ಹೊತ್ತು ನಿಂತಿದ್ದು ಬಂದುಬಿಟ್ಟಳು.

ಅರ್ಧ ದಿನ ರಜೆ ಬರೆದು ಶಿಡ್ಲಘಟ್ಟದ ಬಸ್ಸು ಹತ್ತಿದಳು. ಹಿಪ್ಪುನೇರಳೆ ತೋಟಗಳ ಹಸಿರು ಎರಡೂ ಕಡೆ ಓಡುತ್ತಿತ್ತು. ಸೊಪ್ಪಿನ ಹೊರೆ ಹೇರಿದ ಮೊಪೆಡ್ಡೊಂದು ಬಸ್ಸಿನ ಜೊತೆಜೊತೆಗೇ ಬಹಳ ದೂರ ಬಂತು. ಹೊರೆಯ ಕೆಳಗೆ ಸವಾರನ ಕಾಲುಗಳಷ್ಟೇ ಕಾಣುತ್ತಿದ್ದವು. ಅವಳು ವಾಕ್ಯಗಳನ್ನು ಜೋಡಿಸುತ್ತಿದ್ದಳು. ಸರ್‌ಗೆ ಗೊತ್ತಿತ್ತು. ಸರ್ ಬೇಡ ಎಂದರು. ಇದರಲ್ಲಿ ಸುಳ್ಳೇನಿದೆ? ಬೆಳಿಗ್ಗೆವರೆಗೆ ತನ್ನ ಮೇಲಿದ್ದದ್ದನ್ನು ಈಗ ಇಡಿಯಾಗಿ ಅವರ ಮೇಲೆ ಇಳಿಸಬಹುದು, ಒಂದಕ್ಷರ ಸುಳ್ಳಿಲ್ಲದೆ. ತಮ್ಮ ಬೈಯುತ್ತಾನೆ, ತಾನೂ ಜೊತೆಗೆ ಬೈಯಬಹುದು. ಎಷ್ಟು ವರ್ಷವಾಯಿತು ಇಬ್ಬರೂ ಕೂಡಿ ಯಾರನ್ನಾದರೂ ಬೈದು. ಆ ಚಿತ್ರ ಎಷ್ಟು ಹಿತವಾಗಿತ್ತೆಂದರೆ ಅವಳಿಗೆ ತನ್ನ ಮೇಲೇ ಅನುಮಾನ ಬಂತು.

ಶೆಡ್ಡಿನ ಬಾಗಿಲಲ್ಲಿ ಅಮ್ಮ ಮೊರದಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದಳು. "ಬಂದ್ಯಾ ತಲ್ಲಿ? ಇವನು ಇನ್ನೂ ಉಂಡೇ ಇಲ್ಲ ನೋಡು" ಎಂದಳು. ಮುಖದ ತುಂಬ ನಗು. "ನಿನ್ನ ಯಂತ್ರ ಹೊರದೇಶಕ್ಕೂ ಹೋಯ್ತಂತಲ್ಲಮ್ಮ! ಫೋನಲ್ಲಿ ತೋರಿಸ್ದ. ಆಯಮ್ಮ ಎಷ್ಟು ಚೆಂದ ಕೂತ್ಕೊಂಡು ಆಡಿಸ್ತಾಳೆ. ಆಯಮ್ಮನ ಕೈ ನೋಡಿದ್ಯಾ? ಒಣಗಿದೆ. ಬಳೆ ಹಾಕ್ಕೊಂಡಿದಾಳೆ." ಸಂಘಮಿತ್ರ ವಿಡಿಯೊವನ್ನು ಎಷ್ಟು ಸಲ ನೋಡಿದ್ದರೂ ಬಳೆ ನೋಡಿರಲಿಲ್ಲ. ಆರ್ಡರು ಕೈತಪ್ಪಿ ಹೋದದ್ದನ್ನು ಅಮ್ಮನಿಗೆ ಯಾರೂ ಹೇಳಿರಲಿಲ್ಲ. ಹೇಳಿದರೂ ಅವಳಿಗೆ ಆ ಒಣಗಿದ ಕೈಗಿಂತ ಹೆಚ್ಚಾಗಿ ಕಾಣುತ್ತಿತ್ತೋ ಇಲ್ಲವೋ.

ಒಳಗೆ ಅಂಬರೀಶ ಬಿಳಿ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ, ಬನಿಯನ್ನಿನಲ್ಲಿ ಕೂತು, ರೆಡಿಯಾಗಿದ್ದ ಕೈಗಳ ಮೋಟರುಗಳನ್ನು ಬಿಚ್ಚುತ್ತಿದ್ದ. ಮೋಟರು ಬೇರೆ ಕೆಲಸಕ್ಕೆ ಬರುತ್ತವೆ, ತೋಳು ಬರುವುದಿಲ್ಲ. ಬಿಚ್ಚಿದ ತೋಳುಗಳು ಗೋಡೆಯ ಪಕ್ಕ ಸಾಲಾಗಿ ಮಲಗಿದ್ದವು. ಅವಳು ಸ್ಟೂಲು ಎಳೆದುಕೊಂಡು ಕೂತಳು.

"ಸರ್‌ಗೆ ಗೊತ್ತಿತ್ತು ಕಣೋ. ಒಂದು ವರ್ಷದೊಳಗೆ ಹಾಕ್ಬೇಕು ಅಂತ ಏಜೆಂಟು ಮೇಲ್ ಮಾಡಿದ್ರಂತೆ, ಮೂರು ಸಲ. ಇಂಡಿಯಾ ಒಂದು ಸಾಕು ಅಂತ ಬರೆದುಬಿಟ್ರಂತೆ."

ಸ್ಪ್ಯಾನರು ನಿಂತಿತು. ಅವಳು ಕಾದಳು. ಬೈಯುತ್ತಾನೆ, ಈಗ ಬೈಯುತ್ತಾನೆ. "ಬಿಡಕ್ಕ" ಎಂದ ಕೊನೆಗೆ. "ಅವ್ರಿಗೇನು ಆಗ್ಬೇಕಿತ್ತು. ಅವ್ರ ಶೆಡ್ಡಾ, ಅವ್ರ ತಮ್ಮನಾ? ನಿಂಗೆ ಗೊತ್ತಿದ್ದಿದ್ರೆ ನೀನು ಬಿಡ್ತಿದ್ಯಾ?" ಉತ್ತರ ಬೇಕೆಂದು ಕೇಳಿದ್ದಲ್ಲ ಅದು. ಮತ್ತೆ ಬಗ್ಗಿ ಬೋಲ್ಟಿಗೆ ಸ್ಪ್ಯಾನರು ಹಾಕಿದ. ಬೋಲ್ಟು ಸಡಿಲವಾಗಿ ತಿರುಗಿತು. ಸುಮ್ಮನಿದ್ದರೆ ಈ ಮಾತು ಹೀಗೇ ಮುಗಿದುಹೋಗುತ್ತದೆ. ಅವನು ತನ್ನನ್ನು ನಂಬಿಕೊಂಡೇ ಗೌರಿಬಿದನೂರಿಗೆ ಹೋಗುತ್ತಾನೆ. ಹೊರಗೆ ಅಮ್ಮ ಯಾರಿಗೋ ಅದೇ ಬಳೆಯ ಕಥೆ ಹೇಳುತ್ತಿದ್ದಳು.

"ನಂಗೂ ಗೊತ್ತಿತ್ತು" ಎಂದಳು.

ಅವನು ತಲೆಯೆತ್ತಲಿಲ್ಲ. ಅವಳು ಹೇಳಿದಳು. ಕಾಗದ, ಡ್ರಾಯರು, ಮಾರ್ಚ್ ಹದಿನಾರು. ಹೇಳುತ್ತ ಹೋದಂತೆ ತನ್ನ ದನಿ ಲ್ಯಾಬಿನಲ್ಲಿ ಹುಡುಗರಿಗೆ ಕೆಲಸದ ಕ್ರಮ ಹೇಳುವ ದನಿಯಾಗಿರುವುದು ಗೊತ್ತಾಯಿತು. "ಆಗ ನೀನು ಇದರಲ್ಲಿ ಇರ್ಲಿಲ್ಲ. ಗೌರಿಬಿದನೂರಲ್ಲಿದ್ದೆ" ಎಂದೂ ಸೇರಿಸಿದಳು.

"ಯಾರ ಮೇಲಿನ ಸಿಟ್ಟಕ್ಕ ಅದು?"

"ಸರ್ ಮೇಲೆ."

"ಅವ್ರಿಗೇನಾಯ್ತು?"

"ಏನೂ ಆಗ್ಲಿಲ್ಲ."

ಅವನು ಬೋಲ್ಟನ್ನು ಡಬ್ಬಿಗೆ ಹಾಕಿದ. ಇನ್ನೊಂದನ್ನು ಬಿಚ್ಚಿ ಹಾಕಿದ. ಸಂಘಮಿತ್ರಳಿಗೆ ತಡೆಯಲಾಗಲಿಲ್ಲ. "ನಾನು ಮುಚ್ಚಿಟ್ಟಿದ್ರಿಂದ ಏನೂ ಆಗಿಲ್ಲ ಕಣೋ. ಅವರು ಬೇಡ ಅಂತ ಬರೆದಿದ್ದು ಅದಕ್ಕೂ ಎಂಟು ದಿನ ಮುಂಚೆ. ನಾನು ಕೊಟ್ಟಿದ್ರೂ ಅಷ್ಟೇ. ಬೇಕಾದ್ರೆ ತಾರೀಖು…" ಎಂದಳು. ಅಂಗಲಾಚುವ ತನ್ನ ದನಿ ಅವಳಿಗೇ ಕೇಳಿಸಿತು.

"ಅದು ನಿಂಗೆ ಗೊತ್ತಾಗಿದ್ದು ಇವತ್ತು" ಎಂದ ಅಂಬರೀಶ. ಮೆಲ್ಲಗೇ ಹೇಳಿದ. ಆಮೇಲೆ ಅವನು ಒಂಬತ್ತು ಮೋಟರು ಬಿಚ್ಚುವ ತನಕ ಅವಳು ಸ್ಟೂಲಿನ ಮೇಲೇ ಕೂತಿದ್ದಳು. ಒಂದರ ಬೋಲ್ಟು ಜಾಮಾಗಿದ್ದಾಗ ಹಿಡಿದುಕೊಳ್ಳಲು ಕೈಚಾಚಿದಳು. ಅವನು ತೋಳನ್ನು ಕಾಲಿನಲ್ಲಿ ಅದುಮಿ ಹಿಡಿದು ಒಬ್ಬನೇ ಬಿಚ್ಚಿದ.

ಅಮ್ಮ ಒಳಗೆ ಬಂದು ಮುದ್ದೆ ಆಯಿತು ಎಂದಳು. ಅಂಬರೀಶ ಎದ್ದು ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಂಡ. ಬೆರಳು ಬೆರಳಿನ ಸಂದಿಯನ್ನೂ ಒರೆಸಿದ. ಬಾಗಿಲ ತನಕ ಹೋಗಿ, ತಿರುಗದೆ, "ಬನ್ನಿ, ಊಟ ಮಾಡ್ಕೊಂಡು ಹೋಗಿ" ಎಂದ. "ಆರೂವರೆಗೆ ಬಸ್ಸಿದೆ ನಿಮ್ಗೆ."

ಗಂಗುಲಮ್ಮ ಗಟ್ಟಿಯಾಗಿ ನಕ್ಕಳು. "ಏನೋ ಇದು, ಅಕ್ಕಂಗೆ ಹೋಗಿ ಬನ್ನಿ ಅಂತೀಯ? ಗಿರಾಕಿ ಅಂದ್ಕೊಂಡ್ಯಾ?" ಎಂದಳು. ಅವನು ನಗಲಿಲ್ಲ. ಸಂಘಮಿತ್ರ ನಗಲು ನೋಡಿದಳು. ತಟ್ಟೆಯ ಮುಂದೆ ಕೂತು ಮೊದಲ ತುತ್ತು ಮುರಿಯುವಾಗ, ಬಾಯಿ ತಪ್ಪಿ ಬಂದ ಮಾತಿರಬಹುದು, ಇನ್ನೊಂದು ಸಲ ಮಾತಾಡಿದರೆ ಗೊತ್ತಾಗುತ್ತದೆ ಎಂದು ಕಿವಿಗೊಟ್ಟಿದ್ದಳು. ಅಂಬರೀಶ ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸಿದ. ಅವಳ ತಟ್ಟೆಯ ಪಕ್ಕ, ಚೆಲ್ಲದ ಹಾಗೆ, ಮರ್ಯಾದೆಯಿಂದ ಇಟ್ಟ.

"ನೀರು ತಗೊಳ್ಳಿ" ಎಂದ.